ಬೇಡವೆಂದರೂ ಬರುವ ನೆರವು: ‘ರಿಯೋ ಬ್ರಾವೋ’ ಚಿತ್ರವಿಮರ್ಶೆ

ಹೆಂಡದಂಗಡಿಯ ಹಿಂಬಾಗಿಲು ಮೆಲ್ಲಗೆ ತೆರೆಯುತ್ತದೆ. ಗಡ್ಡ ಬೆಳೆದ, ಕೊಳಕು ಬಟ್ಟೆಯ ಮನುಷ್ಯನೊಬ್ಬ ಗೋಡೆಯ ಬದಿಯಲ್ಲೇ ಒಳಗೆ ಬರುತ್ತಾನೆ. ಕೈಯಲ್ಲಿ ಕಾಸಿಲ್ಲ, ಕಣ್ಣು ಮಾತ್ರ ಕುಡಿಯುತ್ತಿರುವವರ ಲೋಟಗಳ ಮೇಲಿದೆ. ಅದನ್ನು ಗಮನಿಸಿದ ಇನ್ನೊಬ್ಬನು ಬೆಳ್ಳಿಯ ಡಾಲರ್ ನಾಣ್ಯವೊಂದನ್ನು ಎತ್ತಿ ತೋರಿಸಿ, ಅವನ ಕೈಗೆ ಕೊಡದೆ, ಎಲ್ಲರೂ ಉಗುಳುವ ಪೀಕದಾನಿಯೊಳಕ್ಕೆ ಎಸೆಯುತ್ತಾನೆ. ಕುಡುಕ ಮಂಡಿಯೂರಿ ಕೈ ಚಾಚುವಷ್ಟರಲ್ಲಿ ಬೂಟುಗಾಲೊಂದು ಆ ಪೀಕದಾನಿಯನ್ನು ಒದ್ದು ದೂರ ತಳ್ಳುತ್ತದೆ. ಅವನು ತಲೆಯೆತ್ತಿ ನೋಡಿದರೆ ಊರಿನ ಕಾನೂನು ಕಾಯುವ ಅಧಿಕಾರಿ, ಷೆರಿಫ್ ನಿಂತಿದ್ದಾನೆ. ನಾಚಿಕೆ ತಾಳಲಾರದ ಕುಡುಕ, ತನ್ನ ಮಾನ ಉಳಿಸಲು ಬಂದವನನ್ನೇ ಹೊಡೆದು ಕೆಡವುತ್ತಾನೆ. ಆಮೇಲಿನ ಗಲಾಟೆಯಲ್ಲಿ, ನಾಣ್ಯ ಎಸೆದ ಜೋ ಬರ್ಡೆಟ್ ಎಂಬವನು, ತಡೆಯಲು ಬಂದ ನಿರಾಯುಧ ವ್ಯಕ್ತಿಯೊಬ್ಬನನ್ನು ಗುಂಡಿಕ್ಕಿ ಕೊಂದು, ಏನೂ ನಡೆದಿಲ್ಲವೆಂಬಂತೆ ಪಕ್ಕದ ಅಂಗಡಿಗೆ ಕುಡಿಯಲು ಹೋಗುತ್ತಾನೆ. ತಲೆಯೊಡೆದು ರಕ್ತ ಸುರಿಯುತ್ತಿದ್ದರೂ ಷೆರಿಫ್ ಅಲ್ಲಿಗೇ ನಡೆದು ಬಂದು, ನಿನ್ನನ್ನು ಬಂಧಿಸಿದ್ದೇನೆ ಎನ್ನುತ್ತಾನೆ. ಇಡೀ ಚಿತ್ರದಲ್ಲಿ ನಮ್ಮ ಕಿವಿಗೆ ಬೀಳುವ ಮೊದಲ ಮಾತು ಅದು. ಅಲ್ಲಿಯವರೆಗಿನ ಸುಮಾರು ನಾಲ್ಕು ನಿಮಿಷ ಯಾರೂ ತುಟಿ ಬಿಚ್ಚುವುದಿಲ್ಲ. ಆದರೂ ಯಾರು ಯಾರಿಗೆ ಏನಾಗಬೇಕು, ಯಾರ ಮಾನ ಎಲ್ಲಿ ಹೋಯಿತು, ಯಾರು ಅದನ್ನು ಎತ್ತಿಕೊಡಲು ಬಂದರು ಎಂಬುದೆಲ್ಲ ನಮಗೆ ತಿಳಿದಿರುತ್ತದೆ.

ಹೋವರ್ಡ್ ಹಾಕ್ಸ್ ನಿರ್ದೇಶಿಸಿದ ‘ರಿಯೋ ಬ್ರಾವೋ’ 1959ರಲ್ಲಿ ತೆರೆಕಂಡ, 141 ನಿಮಿಷಗಳ ವರ್ಣಚಿತ್ರ. ಕುದುರೆ, ಟೋಪಿ, ಪಿಸ್ತೂಲು ಇರುವ ಇಂಥ ಚಿತ್ರಗಳಿಗೆ ನಮ್ಮಲ್ಲಿ ಕೌಬಾಯ್ ಚಿತ್ರ ಎಂಬ ಹೆಸರು ಬಹಳ ಹಿಂದಿನಿಂದಲೂ ಬಳಕೆಯಲ್ಲಿದೆ. ಆದರೆ ಆ ಹೆಸರು ಕೇಳಿದೊಡನೆ ನೆನಪಾಗುವ ಬಯಲು, ದನಗಳ ಮಂದೆ, ಕಣಿವೆಯಲ್ಲಿ ನಾಗಾಲೋಟದ ಬೆನ್ನಟ್ಟುವಿಕೆ ಇವಾವುವೂ ಇದರಲ್ಲಿ ಹೆಚ್ಚಿಲ್ಲ. ಟೆಕ್ಸಾಸ್ ಗಡಿಯ ಪುಟ್ಟ ಊರೊಂದರ ಒಂದು ಬೀದಿ, ಒಂದು ಸೆರೆಮನೆ, ಒಂದು ಹೋಟೆಲು, ಎರಡು ಮೂರು ಹೆಂಡದಂಗಡಿ, ಒಂದು ಉಗ್ರಾಣ ಇಷ್ಟರಲ್ಲೇ ಕಥೆ ಮುಗಿಯುತ್ತದೆ. ಬಂಧಿತನಾದ ಜೋನ ಅಣ್ಣ ನೇಥನ್ ಬರ್ಡೆಟ್ ಆ ಸೀಮೆಯ ಸಿರಿವಂತ ಜಮೀನುದಾರ. ತಮ್ಮನನ್ನು ಬಿಡಿಸಿಕೊಳ್ಳಲು ಬಾಡಿಗೆ ಬಂಟರನ್ನು ಊರ ತುಂಬ ನಿಲ್ಲಿಸುತ್ತಾನೆ. ಕೈದಿಯನ್ನು ಒಯ್ಯಲು ಸರ್ಕಾರದ ಮಾರ್ಷಲ್ ಬರಲು ಕೆಲವು ದಿನ ಬೇಕು. ಅಲ್ಲಿಯವರೆಗೆ ಷೆರಿಫ್ ಜಾನ್ ಟಿ. ಚಾನ್ಸ್ ಅವನನ್ನು ಕಾಯಬೇಕು. ಅವನ ಬಳಿ ಇರುವ ಸೈನ್ಯವೆಂದರೆ ಆ ಕುಡುಕ ಡ್ಯೂಡ್ ಮತ್ತು ಒಂದು ಕಾಲು ಊನವಾದ, ಬಾಯಿ ಬಿಟ್ಟರೆ ಗೊಣಗುವ ಮುದುಕ ಸ್ಟಂಪಿ. ಹಳೆಯ ಗೆಳೆಯ ವೀಲರ್ ಸರಕಿನ ಬಂಡಿಗಳೊಂದಿಗೆ ಊರಿಗೆ ಬಂದಾಗ ಇದನ್ನು ಕಂಡು, ಕುಂಟ ಮುದುಕ ಮತ್ತು ಕುಡುಕ, ನಿನಗಿರುವುದು ಇಷ್ಟೇ ಏನು ಎಂದು ಬೆರಗಾಗುತ್ತಾನೆ. ಇರುವುದು ಇದು ಎಂದಷ್ಟೇ ಚಾನ್ಸ್ ಉತ್ತರಿಸುತ್ತಾನೆ. ‘ಇಷ್ಟೇ’ ಎಂಬುದಕ್ಕೂ ‘ಇದು’ ಎಂಬುದಕ್ಕೂ ಇರುವ ಅಂತರದಲ್ಲೇ ನನಗೆ ಈ ಚಿತ್ರದ ಹೃದಯ ಕಾಣುತ್ತದೆ.

ಈ ಕಥೆಗೆ ಒಂದು ಹಿನ್ನೆಲೆಯುಂಟು. 1952ರಲ್ಲಿ ಬಂದ ‘ಹೈ ನೂನ್’ ಚಿತ್ರದಲ್ಲಿ, ಕೊಲೆಗಡುಕರನ್ನು ಎದುರಿಸಬೇಕಾದ ಮಾರ್ಷಲ್ ಒಬ್ಬ ನೆರವಿಗಾಗಿ ಊರ ಜನರ ಬಾಗಿಲು ಬಾಗಿಲಿಗೂ ಹೋಗುತ್ತಾನೆ, ಯಾರೂ ಬರುವುದಿಲ್ಲ. ಹಾಕ್ಸ್‌ಗೂ ಚಾನ್ಸ್ ಪಾತ್ರದ ನಾಯಕನಟ ಜಾನ್ ವೇಯ್ನ್‌ಗೂ ಆ ಚಿತ್ರ ಹಿಡಿಸಿರಲಿಲ್ಲ. ತನ್ನ ಕೆಲಸ ತಿಳಿದ ಕಾವಲುಗಾರ ಪಳಗಿಲ್ಲದ ಜನರನ್ನು ಸಾವಿನ ಬಾಯಿಗೆ ಕರೆಯಬಾರದು ಎಂಬುದು ಹಾಕ್ಸ್ ಅವರ ನಿಲುವಾಗಿತ್ತು. ಅದಕ್ಕೆ ಮರುನುಡಿಯಾಗಿಯೇ ಅವರು ಈ ಕಥೆಯನ್ನು ಕಟ್ಟಿಸಿದರು. ನನ್ನ ಮಟ್ಟಿಗೆ ‘ಹೈ ನೂನ್’ ಕೂಡ ಶ್ರೇಷ್ಠ ಚಿತ್ರವೇ. ಒಂದನ್ನು ಮೆಚ್ಚಲು ಇನ್ನೊಂದನ್ನು ತೆಗಳಬೇಕಾಗಿಲ್ಲ. ಆದರೆ ‘ರಿಯೋ ಬ್ರಾವೋ’ ತನ್ನ ವಾದವನ್ನು ತಾನೇ ಮೀರಿ ಬೆಳೆದಿರುವುದು ನನಗೆ ಬಹಳ ಇಷ್ಟ. ಚಾನ್ಸ್ ಯಾರನ್ನೂ ಕರೆಯುವುದಿಲ್ಲ, ಕರೆಯದೆ ಬಂದವರನ್ನೂ ಬೇಡವೆನ್ನುತ್ತಾನೆ. ಹಾಗಿದ್ದೂ ಚಿತ್ರದ ಉದ್ದಕ್ಕೂ ಅವನ ಜೀವ ಉಳಿಯುವುದು ಬೇಡವೆನಿಸಿಕೊಂಡವರಿಂದಲೇ. ಕುಡುಕ ಉಳಿಸುತ್ತಾನೆ, ಹುಡುಗ ಉಳಿಸುತ್ತಾನೆ, ಮುದುಕ ಉಳಿಸುತ್ತಾನೆ, ಜೂಜುಗಾರ್ತಿಯೊಬ್ಬಳು ಉಳಿಸುತ್ತಾಳೆ. ಅವನು ಬೇಡವೆನ್ನುವುದು ಗರ್ವದಿಂದಲ್ಲ, ಅವರು ಸತ್ತಾರೆಂಬ ಭಯದಿಂದ. ಆ ಭಯ ಸುಳ್ಳೂ ಅಲ್ಲ: ನೆರವಿಗೆ ಬರುತ್ತೇನೆಂದು ಊರಲ್ಲಿ ಹೇಳಿಕೊಂಡು ಓಡಾಡಿದ ವೀಲರ್ ಅದೇ ರಾತ್ರಿ ಬೀದಿಯಲ್ಲಿ ಗುಂಡಿಗೆ ಬಲಿಯಾಗುತ್ತಾನೆ.

ವೀಲರ್‌ನ ಕೊಲೆಯ ನಂತರದ ದೃಶ್ಯ ನಾನು ಕಂಡ ಸಾಹಸದೃಶ್ಯಗಳಲ್ಲೆಲ್ಲ ಅತ್ಯಂತ ಅಚ್ಚುಕಟ್ಟಾದುದು. ಕೊಲೆಗಾರ ಬರ್ಡೆಟ್ ಕಡೆಯವರ ಹೆಂಡದಂಗಡಿಗೆ ನುಗ್ಗಿದ್ದಾನೆ. ಓಡುವಾಗ ಅವನ ಬೂಟಿಗೆ ಕೆಸರು ಮೆತ್ತಿರಬೇಕು. ಇಲ್ಲಿಯವರೆಗೆ ಹಿಂಬಾಗಿಲಿನಿಂದಲೇ ಒಳಗೆ ಹೋಗುತ್ತಿದ್ದ ಡ್ಯೂಡ್, ಈ ಸಲ ತಾನು ಮುಂಬಾಗಿಲಿನಿಂದ ಹೋಗುತ್ತೇನೆ ಎಂದು ಕೇಳಿಕೊಳ್ಳುತ್ತಾನೆ; ಷೆರಿಫ್ ಹಿಂಬಾಗಿಲನ್ನು ಹಿಡಿಯುತ್ತಾನೆ. ಒಳಗಿದ್ದವರ ಬೂಟುಗಳನ್ನು ಒಂದೊಂದಾಗಿ ನೋಡಿದರೆ ಯಾವುದರಲ್ಲೂ ಕೆಸರಿಲ್ಲ. ಕುಡುಕನಿಗೆ ಭ್ರಮೆ ಎಂದು ಎಲ್ಲರೂ ನಗುತ್ತಾರೆ. ಒಬ್ಬ ಮತ್ತೆ ನಾಣ್ಯ ತೆಗೆದು ಪೀಕದಾನಿಗೆ ಎಸೆಯುತ್ತಾನೆ. ಸೋತ ಮುಖದಿಂದ ಕಟ್ಟೆಯ ಬಳಿಗೆ ಬಂದ ಡ್ಯೂಡ್‌ನ ಕಣ್ಣಿಗೆ ಅಲ್ಲಿರುವ ಬಿಯರ್ ಲೋಟ ಬೀಳುತ್ತದೆ. ಅವನು ಕುಡಿದೇಬಿಡುತ್ತಾನೆ ಎಂದುಕೊಳ್ಳುವ ಹೊತ್ತಿಗೆ, ಆ ಲೋಟದ ನೊರೆಯ ಮೇಲೆ ಕೆಂಪು ಹನಿಯೊಂದು ತೊಟ್ಟಿಕ್ಕುತ್ತದೆ. ಮೇಲೆ ಅಟ್ಟದಲ್ಲಿ ಗಾಯಗೊಂಡ ಕೊಲೆಗಾರ ಅಡಗಿದ್ದಾನೆ. ಡ್ಯೂಡ್ ತಿರುಗಿ ಒಂದೇ ಗುಂಡಿಗೆ ಅವನನ್ನು ಕೆಡವುತ್ತಾನೆ. ಅವನನ್ನು ಹಾಳು ಮಾಡಿದ ಲೋಟವೇ ಅವನಿಗೆ ದಾರಿ ತೋರಿಸುವ ಈ ಜಾಣ್ಮೆಯನ್ನು ಚಿತ್ರ ಎಲ್ಲಿಯೂ ಬಿಡಿಸಿ ಹೇಳುವುದಿಲ್ಲ. ಆಮೇಲೆ ಡ್ಯೂಡ್, ನಾಣ್ಯ ಎಸೆದವನ ಕೈಯಿಂದಲೇ ಅದನ್ನು ಪೀಕದಾನಿಯಿಂದ ತೆಗೆಸುತ್ತಾನೆ.

ಡ್ಯೂಡ್‌ನ ಪಾತ್ರದಲ್ಲಿ ನೋಡಬೇಕಾದದ್ದು ಅವನ ಕೈಗಳನ್ನು. ಹಿಂದೊಮ್ಮೆ ಆ ಸೀಮೆಯಲ್ಲೇ ಪಿಸ್ತೂಲು ಹಿಡಿಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡವನಿಗೆ ಈಗ ಸಿಗರೇಟು ಸುತ್ತಲೂ ಆಗದು. ಕಾಗದ ಹಿಡಿದರೆ ಹೊಗೆಸೊಪ್ಪು ಉದುರುತ್ತದೆ, ಬೆರಳು ನಡುಗುತ್ತವೆ. ಅವನು ಸೋತಾಗಲೆಲ್ಲ ಚಾನ್ಸ್ ತಾನು ಸುತ್ತಿದ ಸಿಗರೇಟನ್ನು ಮಾತಿಲ್ಲದೆ ಅವನತ್ತ ಚಾಚುತ್ತಾನೆ. ಸಮಾಧಾನದ ಮಾತಿಲ್ಲ, ಕನಿಕರದ ನೋಟವಿಲ್ಲ. ಕುಡಿತದ ಕಾಲದಲ್ಲಿ ಡ್ಯೂಡ್ ಮಾರಿಕೊಂಡಿದ್ದ ಪಿಸ್ತೂಲುಗಳನ್ನು ಚಾನ್ಸ್ ಕೊಂಡು ತೆಗೆದಿಟ್ಟಿದ್ದ ಎಂಬುದು ಅವುಗಳನ್ನು ಹಿಂದಿರುಗಿಸುವ ಗಳಿಗೆಯಲ್ಲಷ್ಟೇ ತಿಳಿಯುತ್ತದೆ. ಮುಂದೊಂದು ಹಂತದಲ್ಲಿ ವೈರಿಗಳ ಕೈಗೆ ಸಿಕ್ಕಿ ಅವಮಾನಗೊಂಡ ಡ್ಯೂಡ್ ತನ್ನಿಂದಾಗದು ಎಂದು ಕೈಚೆಲ್ಲಿ ಲೋಟಕ್ಕೆ ವಿಸ್ಕಿ ಸುರಿದುಕೊಳ್ಳುತ್ತಾನೆ. ಆಗ ಬೀದಿಯಾಚೆಯಿಂದ ನೇಥನ್ ಬರ್ಡೆಟ್ ಹೇಳಿ ನುಡಿಸುತ್ತಿರುವ ತುತ್ತೂರಿಯ ರಾಗ ಕೇಳಿಸುತ್ತದೆ; ಯಾರಿಗೂ ಕ್ಷಮೆಯಿಲ್ಲ, ಎಲ್ಲರನ್ನೂ ಕೊಲ್ಲುತ್ತೇವೆ ಎಂದು ಸಾರುವ ರಾಗವದು. ಡ್ಯೂಡ್ ಲೋಟವನ್ನೆತ್ತಿ ವಿಸ್ಕಿಯನ್ನು ಬಾಟಲಿಗೇ ಮರಳಿ ಸುರಿಯುತ್ತಾನೆ. ಒಂದು ಹನಿಯೂ ಚೆಲ್ಲುವುದಿಲ್ಲ. ಕೈ ನಡುಗುತ್ತಿಲ್ಲವೆಂಬುದನ್ನು ಅವನೇ ಬೆರಗಿನಿಂದ ನೋಡುತ್ತಾನೆ. ಅಲ್ಲಿಯವರೆಗೆ ಹೆಚ್ಚಾಗಿ ಹಾಡು ಮತ್ತು ಹಾಸ್ಯಕ್ಕೆ ಹೆಸರಾಗಿದ್ದ ಡೀನ್ ಮಾರ್ಟಿನ್ ಈ ಪಾತ್ರದಲ್ಲಿ ತೋರಿಸಿರುವ ತಾಳ್ಮೆಯ ಅಭಿನಯ ಅವರ ಜೀವನದ ಅತ್ಯುತ್ತಮ ಕೆಲಸವೆಂದು ನಾನು ಎರಡು ಮಾತಿಲ್ಲದೆ ಹೇಳುತ್ತೇನೆ.

ಇಷ್ಟೆಲ್ಲ ಕೇಳಿದವರಿಗೆ ಇದು ಭಾರವಾದ ಚಿತ್ರವೆನಿಸಬಹುದು. ಹಾಗಿಲ್ಲ. ಎರಡು ಗುಂಡಿನ ಸದ್ದುಗಳ ನಡುವೆ ನಗು ಹರಿಯುತ್ತಲೇ ಇರುತ್ತದೆ, ಮತ್ತು ಆ ನಗುವಿನ ದೊಡ್ಡ ಪಾಲು ಪ್ರೇಮಕಥೆಯದು. ಫೆದರ್ಸ್ ಎಂಬ ತರುಣಿ ಊರಿಂದೂರಿಗೆ ಹೋಗುವ ಕುದುರೆ ಸಾರೋಟಿನಲ್ಲಿ ಬಂದಿಳಿದವಳು. ಅವಳ ಗಂಡನಾಗಿದ್ದವನು ಇಸ್ಪೀಟಿನಲ್ಲಿ ಮೋಸ ಮಾಡುತ್ತಿದ್ದ ಜೂಜುಗಾರ. ಅವನೊಂದಿಗೆ ಅವಳನ್ನೂ ಹುಡುಕುತ್ತಿರುವುದಾಗಿ ಸಾರುವ ಪೊಲೀಸ್ ಚೀಟಿಯೊಂದು ಚಾನ್ಸ್ ಬಳಿ ಇದೆ. ಅವಳು ಅವನನ್ನು ಮೊದಲು ನೋಡುವ ಗಳಿಗೆಯೇ ಸೊಗಸು. ಹೋಟೆಲಿನ ಯಜಮಾನ ಕಾರ್ಲೋಸ್ ತನ್ನ ಹೆಂಡತಿಗಾಗಿ ತರಿಸಿದ ಕೆಂಪು ಒಳಉಡುಪನ್ನು ಹೆಮ್ಮೆಯಿಂದ ಷೆರಿಫನ ಸೊಂಟಕ್ಕೆ ಹಿಡಿದು ತೋರಿಸುತ್ತಿರುವಾಗ ಅವಳು ಬಾಗಿಲಲ್ಲಿ ನಿಂತು, ಬಟ್ಟೆ ಚೆನ್ನಾಗಿದೆ, ನಿಮಗೆ ಮಾತ್ರ ಒಪ್ಪುವುದಿಲ್ಲ ಎಂಬರ್ಥದ ಮಾತನ್ನಾಡುತ್ತಾಳೆ. ಊರಿಗೆ ಊರೇ ಹೆದರುವ ಆರಡಿ ಮೀರಿದ ಗಂಡಸಿಗೆ ಬಾಯಿ ಕಟ್ಟಿಹೋಗುತ್ತದೆ. ಆಮೇಲೆ ಇಡೀ ಚಿತ್ರದಲ್ಲಿ ಅವಳ ಎದುರು ಅವನ ನಾಲಿಗೆ ಸಡಿಲವಾಗುವುದೇ ಇಲ್ಲ.

ಅವನು ಅವಳನ್ನು ಬೆಳಗಿನ ಸಾರೋಟಿಗೆ ಹತ್ತು ಎನ್ನುತ್ತಾನೆ, ಅವಳು ಹತ್ತುವುದಿಲ್ಲ. ಅವನು ದಣಿದು ಮಲಗಿದಾಗ ಅವನ ಕೋಣೆಯ ಮುಂದೆ ರಾತ್ರಿಯೆಲ್ಲ ಕಾವಲು ಕೂರುತ್ತಾಳೆ, ಅದೂ ಅವನಿಗೆ ಬೆಳಗಾದ ಮೇಲೆ ಬೇರೆಯವರಿಂದ ತಿಳಿಯುತ್ತದೆ. ಮೊದಲ ಮುತ್ತು ಅವಳೇ ಕೊಟ್ಟದ್ದು. ಎರಡನೆಯದರ ನಂತರ, ಇಬ್ಬರೂ ಮನಸ್ಸಿಟ್ಟರೆ ಇದು ಇನ್ನೂ ಚೆನ್ನಾಗಿರುತ್ತದೆ ಎಂದು ಅವಳು ಹೇಳುವ ಮಾತಿನ ಹದ ಕೇಳಿಯೇ ತಿಳಿಯಬೇಕು. ಇಲ್ಲಿ ಚಿತ್ರಕಥೆಗಾರರ ಒಂದು ಒಳನೋಟವನ್ನು ಗಮನಿಸಬೇಕು. ಡ್ಯೂಡ್ ಕುಡಿತಕ್ಕೆ ಬಿದ್ದದ್ದು ಹೀಗೆಯೇ ಸಾರೋಟಿನಲ್ಲಿ ಬಂದ ಹೆಣ್ಣೊಬ್ಬಳು ಕೈಕೊಟ್ಟಿದ್ದರಿಂದ. ಆ ಗೆಳೆಯ ಎರಡು ವರ್ಷ ಬೀದಿಪಾಲಾದದ್ದನ್ನು ಕಣ್ಣಾರೆ ಕಂಡ ಚಾನ್ಸ್‌ಗೆ ಇವಳನ್ನು ಕಂಡರೆ ಹೆದರಿಕೆಯಾಗುವುದು ಸಹಜ. ಆದ್ದರಿಂದ ಇಲ್ಲಿ ಪ್ರೇಮವು ಸಾಹಸದ ನಡುವೆ ಬಿಡುವಿಗಾಗಿ ತುರುಕಿದ ಅಂಕವಾಗದೆ, ಅದೇ ಕಥೆಯ ಇನ್ನೊಂದು ಮಗ್ಗುಲಾಗಿದೆ: ಪಿಸ್ತೂಲಿನ ವಿಷಯದಲ್ಲಿ ನೆರವು ಬೇಡವೆನ್ನುವವನು ಪ್ರೀತಿಯ ವಿಷಯದಲ್ಲೂ ಹಾಗೆಯೇ ಬೇಡವೆನ್ನುತ್ತಾನೆ, ಎರಡೂ ಕಡೆ ಅವನ ಬೇಡವನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಈ ಎರಡೂ ಎಳೆಗಳು ಒಂದೇ ಗಂಟಾಗುವುದು ಹೂವಿನ ಕುಂಡದ ದೃಶ್ಯದಲ್ಲಿ. ಹೋಟೆಲಿನ ಜಗಲಿಯಲ್ಲಿ ಬರ್ಡೆಟ್‌ನ ಬಂಟರು ಚಾನ್ಸ್‌ನ ಮೇಲೆ ಪಿಸ್ತೂಲು ಹಿಡಿದು ನಿಂತಿದ್ದಾರೆ. ಅವನ ಬಂದೂಕು ಕೈಗೆ ಸಿಗದಷ್ಟು ದೂರದಲ್ಲಿದೆ. ಒಳಗೆ ಫೆದರ್ಸ್ ಮತ್ತು ಕೊಲರಾಡೊ ಎಂಬ ಹುಡುಗ ಇದ್ದಾರೆ. ಮೊದಲು ನೆರವಿನ ಮಾತು ಬಂದಾಗ ಈ ಹುಡುಗ ನನ್ನ ಕೆಲಸ ನನಗೆ ಎಂದು ದೂರ ಸರಿದಿದ್ದವನು. ಚಾನ್ಸ್ ಅದಕ್ಕೆ ಅವನನ್ನು ಜರಿಯದೆ, ತನ್ನ ಶಕ್ತಿಯನ್ನು ಯಾರಿಗೂ ಸಾಬೀತುಪಡಿಸಬೇಕಾದ ಅಗತ್ಯವಿಲ್ಲದಷ್ಟು ಸಮರ್ಥ ಎಂದು ಮೆಚ್ಚಿದ್ದ. ಈಗ ಆ ಹುಡುಗ ಅವಳಿಗೆ ಏನು ಮಾಡಬೇಕೆಂದು ಹೇಳಿಕೊಟ್ಟು, ಏನೂ ತಿಳಿಯದವನಂತೆ ಜಗಲಿಗೆ ನಡೆಯುತ್ತಾನೆ. ಅವಳು ಕುಂಡವನ್ನೆತ್ತಿ ಕಿಟಕಿಯ ಗಾಜಿನ ಮೂಲಕ ಹೊರಗೆಸೆಯುತ್ತಾಳೆ. ಬಂಟರು ತಿರುಗಿದ ಅರೆಗಳಿಗೆಯಲ್ಲಿ ಬಂದೂಕು ಗಾಳಿಯಲ್ಲಿ ಹಾರಿ ಚಾನ್ಸ್‌ನ ಕೈ ಸೇರುತ್ತದೆ. ಎಣಿಸುವುದರೊಳಗೆ ಎಲ್ಲ ಮುಗಿದಿರುತ್ತದೆ. ಬೇರೆ ಚಿತ್ರವಾಗಿದ್ದರೆ ಅಲ್ಲಿಗೆ ಚಪ್ಪಾಳೆ. ಹಾಕ್ಸ್ ಇನ್ನೂ ಮುಂದೆ ಹೋಗಿ, ತನ್ನ ಕೈಯಿಂದ ಜೀವಗಳು ಹೋದವಲ್ಲ ಎಂದು ಆ ಹುಡುಗಿ ಕುಡಿದು ಕಣ್ಣೀರಿಡುವುದನ್ನೂ, ಮಾತು ಬಾರದ ಷೆರಿಫ್ ಅವಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತುವುದನ್ನೂ ತೋರಿಸುತ್ತಾರೆ.

ಸ್ಟಂಪಿಯಾಗಿ ವಾಲ್ಟರ್ ಬ್ರೆನನ್ ಅವರನ್ನು ನೋಡುವುದೇ ಒಂದು ಸುಖ. ಸಹಾಯಕ ನಟನಾಗಿ ಮೂರು ಸಲ ಆಸ್ಕರ್ ಪಡೆದ ಈ ನಟ, ಸೆರೆಮನೆಯ ಬಾಗಿಲ ಹಿಂದೆ ಬಂದೂಕು ಹಿಡಿದು ಕೂತು, ತನಗೆ ಯಾರೂ ಒಳ್ಳೆಯ ಮಾತಾಡುವುದಿಲ್ಲ, ತನ್ನನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ ಎಂದು ಒಂದೇ ಸಮನೆ ವಟಗುಟ್ಟುತ್ತಾರೆ. ಒಮ್ಮೆ ಚಾನ್ಸ್ ಆ ಮುದುಕನ ತಲೆಗೆ ಮುತ್ತಿಕ್ಕಿದರೆ, ಮುದುಕ ಪೊರಕೆಯಿಂದ ಅವನಿಗೆ ಬಾರಿಸುತ್ತಾನೆ. ನಮ್ಮ ಮನೆಗಳ ಹಿರಿಯರ ಪ್ರೀತಿಯೂ ಎಷ್ಟೋ ಸಲ ಇದೇ ರೂಪದ್ದು. ಕೊನೆಯ ಕಾಳಗಕ್ಕೆ ಬರಕೂಡದೆಂದು ಕಟ್ಟಪ್ಪಣೆಯಾಗಿದ್ದರೂ ಅವನು ಬರುತ್ತಾನೆ, ವೀಲರ್ ಬಿಟ್ಟುಹೋದ ಬಂಡಿಗಳಲ್ಲಿನ ಡೈನಮೈಟ್ ಕಡ್ಡಿಗಳನ್ನು ಒಂದೊಂದಾಗಿ ಎಸೆಯುತ್ತಾನೆ, ಚಾನ್ಸ್ ಅವಕ್ಕೆ ಗುರಿಯಿಟ್ಟು ಗುಂಡು ಹಾರಿಸುತ್ತಾನೆ.

ಆ ಕಾಳಗಕ್ಕೆ ಮುನ್ನ ಬರುವ ಹಾಡಿನ ಬಗ್ಗೆ ಹೇಳದಿದ್ದರೆ ತಪ್ಪಾದೀತು. ಹೊರಗೆ ಸಾವು ಕಾದಿರುವಾಗ ಸೆರೆಮನೆಯೊಳಗೆ ಡ್ಯೂಡ್ ಟೋಪಿಯನ್ನು ಕಣ್ಣಿಗೆಳೆದುಕೊಂಡು ಮಲಗಿ ಹಾಡುತ್ತಾನೆ, ಕೊಲರಾಡೊ ಗಿಟಾರ್ ಹಿಡಿದು ದನಿಗೂಡಿಸುತ್ತಾನೆ, ಸ್ಟಂಪಿ ಮೌತ್ ಆರ್ಗನ್ ಊದುತ್ತಾನೆ. ಚಾನ್ಸ್ ಹಾಡುವುದಿಲ್ಲ, ಕಾಫಿ ಲೋಟ ಹಿಡಿದು ನಿಂತು ನಗುತ್ತಾನೆ. ಮಾರ್ಟಿನ್ ಮತ್ತು ಕೊಲರಾಡೊ ಪಾತ್ರದ, ಆ ಕಾಲದ ಜನಪ್ರಿಯ ಎಳೆಯ ಗಾಯಕ ರಿಕಿ ನೆಲ್ಸನ್ ಇಬ್ಬರೂ ಚಿತ್ರದಲ್ಲಿದ್ದ ಮೇಲೆ ಹಾಡು ಇರಲೇಬೇಕೆಂಬ ವ್ಯಾಪಾರದ ಲೆಕ್ಕ ಇದರ ಹಿಂದಿದ್ದರೂ ಇರಬಹುದು. ಆದರೆ ತೆರೆಯ ಮೇಲೆ ಕಾಣುವುದು, ನಾಲ್ವರು ಒಬ್ಬರ ಜೊತೆ ಒಬ್ಬರು ನಿಶ್ಚಿಂತೆಯಿಂದಿರುವ ಒಂದು ಹೊತ್ತು. ಸಂಗೀತ ನಿರ್ದೇಶಕ ದಿಮಿತ್ರಿ ತ್ಯೋಮ್‌ಕಿನ್ ಈ ಹಾಡಿಗೆ, 1948ರಲ್ಲಿ ಹಾಕ್ಸ್ ಅವರದೇ ‘ರೆಡ್ ರಿವರ್’ ಚಿತ್ರಕ್ಕೆ ತಾವು ಮಾಡಿದ್ದ ಸ್ವರವನ್ನೇ ಮತ್ತೆ ಬಳಸಿದ್ದಾರೆ. ತುತ್ತೂರಿಯ ಸಾವಿನ ರಾಗವೂ ಅವರದೇ ರಚನೆ.

ಕೊರತೆಗಳಿವೆ. ಚಿತ್ರೀಕರಣದ ವೇಳೆ 18 ತುಂಬಿದ ನೆಲ್ಸನ್‌ಗೆ ಹಾಡುವಾಗ ಇರುವ ಸರಾಗ ಮಾತಾಡುವಾಗ ಇಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ನಿಲ್ಲುತ್ತಾನೆ. ಬರ್ಡೆಟ್‌ನ ಬಂಟರಿಗೆ ಮುಖವೂ ಇಲ್ಲ, ಹೆಸರೂ ಇಲ್ಲ. ಎದುರಾಳಿಗಳಿಗೆ ಇನ್ನಷ್ಟು ತೂಕವಿದ್ದಿದ್ದರೆ ಕಾಳಗವೂ ಇನ್ನಷ್ಟು ಬಿಗಿಯಾಗುತ್ತಿತ್ತು. ನನ್ನನ್ನು ಹೆಚ್ಚು ಕಾಡುವುದು ಕಾರ್ಲೋಸ್‌ನ ಪಾತ್ರ. ಮೆಕ್ಸಿಕೊ ಮೂಲದ ಈ ಹೋಟೆಲಿಗನನ್ನು ಕೀರಲು ದನಿಯಲ್ಲಿ ಚಡಪಡಿಸುವ ನಗೆಗೊಂಬೆಯಾಗಿ ಚಿತ್ರಿಸಲಾಗಿದೆ. ಅಮೆರಿಕದ ಅಂದಿನ ಚಿತ್ರಗಳಲ್ಲಿ ಇದು ರೂಢಿಯಾಗಿತ್ತೆಂಬುದು ಕಾರಣವಾದೀತೇ ಹೊರತು ಸಮರ್ಥನೆಯಾಗದು. ಪ್ರತಿಯೊಬ್ಬ ದುರ್ಬಲನಿಗೂ ಘನತೆ ಕೊಟ್ಟ ಚಿತ್ರ ಅವನೊಬ್ಬನಿಗೆ ಅದನ್ನು ಪೂರ್ತಿ ಕೊಡಲಿಲ್ಲ. ವೇಯ್ನ್ ಮತ್ತು ಫೆದರ್ಸ್ ಪಾತ್ರದ ಆಂಜಿ ಡಿಕಿನ್ಸನ್ ನಡುವಿನ 24 ವರ್ಷಗಳ ವಯಸ್ಸಿನ ಅಂತರವೂ ಇಂದಿನ ಕಣ್ಣಿಗೆ ತೋರುತ್ತದೆ. ಆದರೆ ಪಳಗಿದವಳು ಅವಳು, ಎಡವುವವನು ಅವನು ಎಂಬಂತೆ ದೃಶ್ಯಗಳನ್ನು ಬರೆದಿರುವುದರಿಂದ ಆ ಅಂತರ ಅಷ್ಟಾಗಿ ಚುಚ್ಚುವುದಿಲ್ಲ. ಚಿತ್ರಕಥೆಯನ್ನು ಜೂಲ್ಸ್ ಫರ್ತ್‌ಮನ್ ಜೊತೆ ಬರೆದ ಲೀ ಬ್ರಾಕೆಟ್ ಒಬ್ಬ ಲೇಖಕಿ. ಫೆದರ್ಸ್ ಆಡುವ ಮಾತಿನ ಬಿಸುಪು ಅವರ ಕೊಡುಗೆಯೂ ಆಗಿರಬೇಕೆಂಬುದು ನನ್ನ ಊಹೆ.

ನಿಧಾನವೆಂಬ ದೂರನ್ನು ಮಾತ್ರ ನಾನು ಒಪ್ಪಲಾರೆ. ಕಾಯುವುದೇ ಈ ಕಥೆಯ ವಸ್ತು. ರಾತ್ರಿ ಬೀದಿಯ ಆ ಬದಿ ಚಾನ್ಸ್, ಈ ಬದಿ ಡ್ಯೂಡ್ ನಡೆಯುತ್ತ ಕತ್ತಲೆಗೆ ಕಿವಿಗೊಡುವ ಗಸ್ತಿನ ದೃಶ್ಯಗಳಲ್ಲಿ ರಸೆಲ್ ಹಾರ್ಲನ್ ಅವರ ಕ್ಯಾಮೆರಾ ಮನುಷ್ಯನ ಕಣ್ಣೆತ್ತರವನ್ನು ಬಿಟ್ಟು ಕದಲುವುದಿಲ್ಲ. ನಾವೂ ಅವರೊಂದಿಗೆ ನಡೆಯುತ್ತೇವೆ. ಅರಿಜೋನಾದ ಓಲ್ಡ್ ಟೂಸಾನ್ ಎಂಬಲ್ಲಿ ಚಿತ್ರೀಕರಣಕ್ಕೆಂದೇ ಕಟ್ಟಿದ ಊರಿನಲ್ಲಿ ತೆಗೆದ ಈ ಬೀದಿ, ಒಂದು ಗಂಟೆ ಕಳೆಯುವಷ್ಟರಲ್ಲಿ ನಮಗೆ ಸ್ವಂತ ಊರಿನ ಬೀದಿಯಷ್ಟು ಪರಿಚಿತವಾಗಿರುತ್ತದೆ. ಹಾಕ್ಸ್ ಇದೇ ಹೂರಣವನ್ನು ‘ಎಲ್ ಡೊರಾಡೊ’ದಲ್ಲಿ ಮತ್ತೆ ಬಳಸಿದರು, ಅದೂ ಚೆನ್ನಾಗಿದೆ, ಆದರೆ ಈ ಬೀದಿಯ ನಂಟು ಅಲ್ಲಿ ಬೆಳೆಯುವುದಿಲ್ಲ.

ಪ್ರೇಮಕಥೆಯ ಮುಕ್ತಾಯ ಹೀಗಿದೆ. ಎಲ್ಲ ಮುಗಿದ ಮೇಲೆ, ಕೆಳಗಿನ ಬಾರಿನಲ್ಲಿ ಹಾಡಲೆಂದು ಫೆದರ್ಸ್ ಕಾಲಿಗಂಟಿದ ಕಪ್ಪು ಉಡುಗೆ ತೊಟ್ಟು ಚಾನ್ಸ್‌ನ ಮುಂದೆ ನಿಲ್ಲುತ್ತಾಳೆ. ಹೋಗಬೇಡ ಎಂದು ಹೇಳಲು ಅವನಿಗೆ ಬಾಯಿ ಬಾರದು. ಕೊನೆಗೆ, ಇದನ್ನು ತೊಟ್ಟು ಜನರ ಮುಂದೆ ಹೋದರೆ ನಿನ್ನನ್ನು ಬಂಧಿಸುತ್ತೇನೆ ಎನ್ನುತ್ತಾನೆ. ಅವಳ ಕಣ್ಣು ತುಂಬಿ ಬರುತ್ತದೆ. ಪ್ರೀತಿಸುತ್ತೇನೆಂದು ನೀನು ಹೇಳುವುದೇ ಇಲ್ಲವೇನೋ ಎಂದುಕೊಂಡಿದ್ದೆ ಎನ್ನುತ್ತಾಳೆ. ಬಂಧಿಸುತ್ತೇನೆ ಎಂದೆ ಎಂದು ಅವನು ತಿದ್ದಿದರೆ, ಎರಡೂ ಒಂದೇ ಎನ್ನುತ್ತಾಳೆ. ಚಿತ್ರದ ಮೊದಲ ಮಾತೂ ಬಂಧನದ್ದೇ ಆಗಿತ್ತು ಎಂಬುದು ನನಗೆ ಹೊಳೆದದ್ದು ಮೂರನೆಯ ಬಾರಿ ನೋಡಿದಾಗ. ಆ ಉಡುಗೆ ಕಿಟಕಿಯಿಂದ ಹೊರಬಿದ್ದು, ಕೆಳಗೆ ಗಸ್ತು ತಿರುಗುತ್ತಿರುವ ಡ್ಯೂಡ್ ಮತ್ತು ಸ್ಟಂಪಿಯ ಪಾಲಿಗೆ ಒಗಟಾಗುತ್ತದೆ.

ಮನೆಮಂದಿಯೆಲ್ಲ ಕೂತು ನೋಡಲು ಅಡ್ಡಿಯಿಲ್ಲ. ಕುಡಿತ ಮತ್ತು ಸಿಗರೇಟು ಧಾರಾಳವಾಗಿವೆ, ಗುಂಡೇಟುಗಳಿವೆ, ಕ್ರೌರ್ಯವನ್ನು ಹಿಗ್ಗಿಸಿ ತೋರಿಸುವ ದೃಶ್ಯಗಳಿಲ್ಲ. ನಾನು ನೋಡಿದ ಪ್ರತಿಯಲ್ಲಿ ಕನ್ನಡದ ಅಡಿಬರಹ ಇರಲಿಲ್ಲ. ಸ್ಟಂಪಿಯ ಗೊಣಗಾಟ ಅರ್ಥವಾಗಲು ಇಂಗ್ಲಿಷ್ ಬಲ್ಲವರಿಗೂ ಇಂಗ್ಲಿಷ್ ಅಡಿಬರಹ ಬೇಕಾದೀತು. ಮೊಬೈಲಿನ ಪುಟ್ಟ ತೆರೆಯಲ್ಲಿ ನೋಡಿದರೆ ಬಿಯರ್ ಲೋಟದ ಆ ಹನಿ ಕಣ್ತಪ್ಪಬಹುದು, ದೊಡ್ಡ ತೆರೆಯನ್ನೇ ಆರಿಸಿಕೊಳ್ಳಿ. ಹೆಸರುಗಳು ಮುಗಿದೊಡನೆ ಮೊದಲಾಗುವ ಆ ನಾಲ್ಕು ನಿಮಿಷಗಳಲ್ಲಿ, ಕಥೆ ಇನ್ನೂ ಶುರುವಾಗಿಲ್ಲವೆಂದುಕೊಂಡು ಯಾರೂ ಚಹಾ ತರಲು ಎದ್ದು ಹೋಗಬಾರದು.